ಅವರೆಕಾಳು ಮುಳ್ಳು

ಮುಳ್ಳು ಮುರಿದದ್ದು ಭಾನುವಾರ ಬೆಳಗ್ಗೆ ಏಳು ಗಂಟೆಗೆ. ಮುರಿದವರು ಶಿವಕುಮಾರನ ತಾಯಿ ಮುದ್ದಮ್ಮ. ಮುರಿದದ್ದು ಗೊತ್ತಾಗದೆ ಅದೇ ಒದ್ದೆ ಬಟ್ಟೆಯಲ್ಲಿ ಅವರು ಕಿಟಕಿ, ಗಡಿಯಾರ, ಗೋಡೆಗೆ ತೂಗುಹಾಕಿದ್ದ ಗಂಡನ ಫೋಟೊ ಎಲ್ಲವನ್ನೂ ಒರೆಸಿ, ಬಟ್ಟೆಯನ್ನು ಹಿಂಡಿ ಒಣಹಾಕಿಯೂ ಆಗಿತ್ತು. ಮಧ್ಯಾಹ್ನ ಒಂದು ಗಂಟೆಯ ಬಸ್ಸಿಗೆ ಹಳೇಬೀಡಿನಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಅರಸೀಕೆರೆಯ ಆ ಬೀದಿಯಲ್ಲಿ ಅಷ್ಟು ಚೊಕ್ಕಟವಾದ ಮನೆ ಅವತ್ತು ಇನ್ನೊಂದಿರಲಿಲ್ಲ.

"ಅವ್ವಾ, ಇದನ್ಯಾಕೆ ಮುಟ್ಟಿದೆ?" ಎಂದ ಶಿವಕುಮಾರ. ಅವನ ಮುಂದೆ ರೆಕಾರ್ಡ್ ಪ್ಲೇಯರಿತ್ತು.

"ಧೂಳು ಕುಂತಿತ್ತು ಕಣಪ್ಪ. ಆ ಕೈ ತುದೀಲಿ ಏನೋ ಕಸ ಅಂಟ್ಕೊಂಡಿತ್ತು. ಉಜ್ಜಿ ಉಜ್ಜಿ ತೆಗೆದೆ. ಸುಮ್ನೆ ಬತ್ತಿರ್ಲಿಲ್ಲ ಅದು."

ಆ ಕಸವೇ ಮುಳ್ಳು. ರೆಕಾರ್ಡ್ ತಟ್ಟೆಯ ಗೆರೆಯೊಳಗೆ ಓಡಿ ಹಾಡನ್ನು ಎತ್ತಿಕೊಡುವ, ಎಳ್ಳಿಗಿಂತ ಚಿಕ್ಕದಾದ ಹರಳು. 1996ನೇ ಇಸವಿಯಲ್ಲಿ ಅಂಥದ್ದೊಂದು ಬೇಕೆಂದು ಯಾರೂ ಅಳುತ್ತಿರಲಿಲ್ಲ. ಎಲ್ಲರ ಮನೆಗೂ ಟೇಪ್‌ರೆಕಾರ್ಡರ್ ಬಂದು, ರೆಕಾರ್ಡ್ ತಟ್ಟೆಗಳು ಹಾಲಿನ ಪಾತ್ರೆಗೆ ಮುಚ್ಚಳವಾಗಿದ್ದವು. ಅಳುತ್ತಿದ್ದವನು ಶಿವಕುಮಾರ ಒಬ್ಬನೇ.

ಅವನು ಗಂಡಸಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವಯಸ್ಸು ಮೂವತ್ತನಾಲ್ಕು. "ನನ್ನ ತಲೇಲಿ ಕೂದಲಿಗಿಂತ ವಿಷಯ ಜಾಸ್ತಿ. ಎರಡೂ ಯಾರ ಉಪಯೋಗಕ್ಕೂ ಬಂದಿಲ್ಲ" ಎಂದು ತನ್ನನ್ನು ತಾನೇ ಆಡಿಕೊಳ್ಳುವುದು ಅವನ ಅಭ್ಯಾಸ. ಎರಡು ವರ್ಷದ ಹಿಂದೆ, ನಿವೃತ್ತರಾಗಿ ಊರು ಬಿಡುತ್ತಿದ್ದ ರೈಲ್ವೆ ಗಾರ್ಡೊಬ್ಬರಿಂದ ಈ ಪ್ಲೇಯರನ್ನು ಕೊಂಡ. ಅದರ ಜೊತೆಗೆ ಅದರ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕವನ್ನೂ ಕೊಂಡದ್ದು ಊರಿನ ದುರದೃಷ್ಟ. ಅವತ್ತಿನಿಂದ ಸಿಕ್ಕವರಿಗೆಲ್ಲ ಮುಳ್ಳಿನ ಆಕಾರಗಳ ಪಾಠ. ಮುಳ್ಳಿನ ಮೊನೆಯಲ್ಲಿ ಎರಡು ಜಾತಿ, ಒಂದು ಗುಂಡು, ಇನ್ನೊಂದು ಮೊಟ್ಟೆಯಾಕಾರ, ಎಂದು ಅವನು ಶುರು ಮಾಡಿದರೆ ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಒಟ್ಟಿಗೆ ಕ್ಲಾಸಿನ ನೆನಪಾಗುತ್ತಿತ್ತು.

ಕೇಳಿದವಳು ಜಗತ್ತಿಗೆ ಒಬ್ಬಳೇ. ಎರಡು ವಾರದ ಹಿಂದೆ ಹಳೇಬೀಡಿನಲ್ಲಿ, ತೆಂಗಿನಕಾಯಿ ವ್ಯಾಪಾರಿ ಸಿದ್ದಬಸಪ್ಪನವರ ಮನೆಗೆ ಹೆಣ್ಣು ನೋಡಲು ಹೋದಾಗ, ಅವರ ಮಗಳು ಹೇಮಲತಾ ಕಾಫಿ ಕೊಟ್ಟು ಕುಳಿತು, "ಒಂದೇ ಗೆರೇಲಿ ಅಷ್ಟು ಜನರ ದನಿ ಹೇಗೆ ಸಾರ್ ಹಿಡಿಸುತ್ತೆ?" ಎಂದು ಕೇಳಿದ್ದಳು. ಶಿವಕುಮಾರ ನಲವತ್ತು ನಿಮಿಷ ಉತ್ತರ ಕೊಟ್ಟ. ಅವಳು ಆಕಳಿಸಲಿಲ್ಲ. ಗಡಿಯಾರದ ಕಡೆ ನೋಡಲಿಲ್ಲ. ಮಧ್ಯದಲ್ಲಿ ಎರಡು ಸಲ "ಹೌದಾ!" ಎಂದಳು. ಆ ಎರಡನೆಯ "ಹೌದಾ"ಕ್ಕೆ ಶಿವಕುಮಾರನ ಮದುವೆ ಮನಸ್ಸಿನಲ್ಲಿ ಮುಗಿದೇ ಹೋಯಿತು.

ಇನ್ನು ಒಪ್ಪಬೇಕಾದವರು ಹುಡುಗಿಯ ತಾಯಿ ರುದ್ರಮ್ಮ. ಅವರು ಅದುವರೆಗೆ ಹನ್ನೊಂದು ಗಂಡುಗಳನ್ನು ಬೇಡವೆಂದಿದ್ದರು. ಕಾರಣ ಒಂದೇ, ಸಂಗೀತಜ್ಞಾನ ಇಲ್ಲ. 1971ರಲ್ಲಿ ಅವರ ಮಠದ ಉತ್ಸವಕ್ಕೆಂದು ಹಳೇಬೀಡಿನ ಹನ್ನೆರಡು ಜನ ಹೆಣ್ಣುಮಕ್ಕಳು ಸೇರಿ ಒಂದು ಶಿವಸ್ತುತಿ ಹಾಡಿದ್ದರು. ಅದು ಬೆಂಗಳೂರಿನಲ್ಲಿ ರೆಕಾರ್ಡೂ ಆಗಿತ್ತು. ಕವರಿನ ಮೇಲೆ ಹನ್ನೆರಡು ಹೆಸರು ಅಚ್ಚಾಗಿದ್ದವು, ಐದನೆಯದು ರುದ್ರಮ್ಮನದು. ಆ ತಟ್ಟೆಯನ್ನು ನೆಂಟರ ಮನೆಯ ಹಳೇ ಹಾಡಿನ ಪೆಟ್ಟಿಗೆಯಲ್ಲಿ ನಾಲ್ಕು ವರ್ಷ ಸವೆಯುವಷ್ಟು ಹಾಕಿದ್ದರು. ಆಮೇಲೆ ಪೆಟ್ಟಿಗೆ ಕೆಟ್ಟಿತು. ರುದ್ರಮ್ಮ ಮಾತ್ರ ಕೆಡಲಿಲ್ಲ. ಇಪ್ಪತ್ತೈದು ವರ್ಷದಿಂದ ಮದುವೆ, ನಾಮಕರಣ, ತಿಥಿ ಯಾವುದಕ್ಕೆ ಹೋದರೂ "ನಾನು ಪ್ಲೇಟಿಗೆ ಹಾಡಿದೋಳು" ಎಂದೇ ಅವರ ಮಾತು ಶುರುವಾಗುತ್ತಿತ್ತು.

ಶಿವಕುಮಾರನ ಮನೆಯಲ್ಲಿ ಪ್ಲೇಯರ್ ಇದೆಯೆಂದು ಗೊತ್ತಾದಾಗ ಅವರು ಒಂದೇ ಮಾತು ಹೇಳಿದ್ದರು. "ಮನೆ ನೋಡೋಕೆ ಬಂದಾಗ ಪ್ಲೇಟು ತತ್ತೀನಿ. ನನ್ನ ದನಿ ನಂಗೆ ಕೇಳಿಸಿಬಿಡಿ. ಅಲ್ಲೇ ಎಲೆಅಡಿಕೆ ಬದಲಾಯಿಸೋಣ."

ಎಲೆಅಡಿಕೆ ತಟ್ಟೆಯಲ್ಲಿ ಸಿದ್ಧವಾಗಿತ್ತು. ಮುಳ್ಳು ಇರಲಿಲ್ಲ.

ಪಕ್ಕದ ಮನೆಯ ಚಲುವಮ್ಮ ಗೋಳಾಟ ಕೇಳಿ ಓಡಿಬಂದರು. ಅವರ ತವರು ಹಳೇಬೀಡು. ಈ ಸಂಬಂಧ ತಂದವರು ಅವರೇ ಆದ್ದರಿಂದ, ಈ ಮನೆಯ ಯಾವ ಕೋಣೆಗೂ ಕೇಳದೆ ನುಗ್ಗುವ ಹಕ್ಕು ಎರಡು ವಾರದಿಂದ ಅವರಿಗೆ ಬಂದಿತ್ತು.

"ಅಷ್ಟೇನಾ? ನಮ್ಮನೆ ಹೊಲಿಗೆ ಮಿಷನ್ನಿನ ಸೂಜಿ ಕೊಡ್ತೀನಿ, ಸಿಕ್ಕಿಸು."

"ಅದಾಗಲ್ಲ ಚಲುವಮ್ಮಾ. ಇದಕ್ಕೆ ಬೇರೇನೇ ಬೇಕು. ಗುಂಡಂದಾದ್ರೂ ಸರಿ, ಮೊಟ್ಟೆ ಆಕಾರದ್ದಾದ್ರೂ ಸರಿ..."

"ಶಿವಶಿವಾ!" ಮುದ್ದಮ್ಮ ಕಿವಿ ಮುಚ್ಚಿಕೊಂಡರು. "ಬೀಗರು ಬರೋ ದಿನ, ದೇವ್ರ ಮನೆ ಮುಂದೆ ನಿಂತ್ಕೊಂಡು ಏನ್ ಮಾತು ಆಡ್ತೀಯೋ! ಅವ್ರ ಮುಂದೂ ಹಿಂಗೇ ಅಂದ್ರೆ ಎದ್ದು ಹೋಗ್ತಾರೆ."

"ಆಕಾರ ಕಣವ್ವ, ಬರೀ ಆಕಾರ."

"ಆಕಾರಾನೂ ಬ್ಯಾಡ. ಅವರೆಕಾಳು ಅನ್ನು. ಅದೂ ಹಂಗೇ ಐತೆ."

ಹೀಗೆ ಮೊಟ್ಟೆ ಮುಟ್ಟದ ಆ ಮನೆಯಲ್ಲಿ ಮೊಟ್ಟೆಯಾಕಾರದ ಮೊನೆಗೆ ಅವರೆಕಾಳು ಎಂದು ಹೆಸರಾಯಿತು.

ಊರಿನಲ್ಲಿ ಅಂಥ ಸಾಮಾನು ಇಟ್ಟಿರಬಹುದಾದವರು ಸ್ಟೇಷನ್ ರಸ್ತೆಯ ರೇಡಿಯೊ ರಿಪೇರಿ ಹನುಮಯ್ಯ ಒಬ್ಬರೇ. ಶಿವಕುಮಾರ ಓಡಿದ. ಅಂಗಡಿಗೆ ಬೀಗ. ಮನೆಗೆ ಹೋದರೆ ಅವರ ಹೆಂಡತಿ, "ಗಂಡಸೀಲಿ ಮದುವೆ, ಮೈಕ್ ಸೆಟ್ಟು ತಗೊಂಡು ಆರು ಗಂಟೆಗೇ ಹೋದ್ರು" ಎಂದರು. ಗಂಡಸಿಗೆ ಬಸ್ಸು ಹೋಗಿ ಹತ್ತು ನಿಮಿಷವಾಗಿತ್ತು. ವಾರಕ್ಕೆ ಆರು ದಿನ ಆ ಬಸ್ಸನ್ನು ಸರಿಯಾಗಿ ಹಿಡಿಯುವವನಿಗೆ ಏಳನೆಯ ದಿನ ಅದು ತಪ್ಪಿತು.

ಆಗ ನೆನಪಾದದ್ದು ಧರ್ಮೇಶ್. ಅದೇ ಸ್ಕೂಲಿನ ಗಣಿತದ ಮೇಷ್ಟ್ರು, ಪಕ್ಕದ ಬೀದಿಯವನು. ಅವನ ತಂದೆ ಕರಿಯಯ್ಯನವರ ಹೆಸರಿನಲ್ಲಿ ಒಂದು ಮೊಪೆಡ್ ಇತ್ತು. ಧರ್ಮೇಶ್ ಲುಂಗಿ ಬಿಚ್ಚಿ ಪ್ಯಾಂಟು ಹಾಕಿಕೊಳ್ಳುತ್ತಾ ಎಲ್ಲವನ್ನೂ ಕೇಳಿದ.

"ಒಂದ್ ಮಾತು ಶಿವು. ಯಾವ ಮುಳ್ಳು ಸಿಕ್ಕರೂ ತಗೊಂಡು ಬಂದ್ಬಿಡೋಣ. ಅಲ್ಲಿ ಪಾಠ ಶುರು ಮಾಡಬೇಡ."

"ನಾನ್ಯಾಕೆ ಮಾಡ್ಲಿ?" ಎಂದ ಶಿವಕುಮಾರ.

ಇಬ್ಬರು ಗಂಡಸರನ್ನು ಹೊತ್ತ ಮೊಪೆಡ್ಡು ಏರು ಬಂದಾಗಲೆಲ್ಲ ಒಬ್ಬನನ್ನು ಇಳಿಸುತ್ತಿತ್ತು. ಇಳಿಯುವವನು ಶಿವಕುಮಾರನೇ. ಓಡಿಕೊಂಡು ಬಂದು ಹತ್ತಿಕೊಳ್ಳುವಷ್ಟರಲ್ಲಿ ಇನ್ನೊಂದು ಏರು. ಗಂಡಸಿ ಮುಟ್ಟಿದಾಗ ಹತ್ತು ಗಂಟೆ. ಅವನ ಬಿಳೀ ಷರಟು ರಾಗಿ ಬಣ್ಣಕ್ಕೆ ತಿರುಗಿತ್ತು.

ಹನುಮಯ್ಯ ಸಿಕ್ಕರು. ಆದರೆ ನೆಲದ ಮೇಲಲ್ಲ. ಮದುವೆಮನೆಯ ಹಿತ್ತಲಿನ ತೆಂಗಿನಮರದ ತುದಿಯಲ್ಲಿ, ಲೌಡ್‌ಸ್ಪೀಕರಿನ ತಗಡಿನ ಬಾಯಿಯನ್ನು ಹಗ್ಗದಲ್ಲಿ ಬಿಗಿಯುತ್ತಿದ್ದರು.

"ಹನುಮಯ್ಯಾ, ಇಳೀರಿ! ಅರ್ಜೆಂಟು!"

"ಮುಹೂರ್ತದೊಳ್ಗೆ ಇದ್ನ ಕಟ್ಟದೆ ಇಳಿಯಂಗಿಲ್ಲ ಮೇಷ್ಟ್ರೇ. ಅಲ್ಲಿಂದ್ಲೇ ಹೇಳಿ."

ಶಿವಕುಮಾರ ಕತ್ತು ಹಿಂದಕ್ಕೆ ಬಾಗಿಸಿಕೊಂಡು ಹೇಳಿದ. ಗುಟ್ಟಿನ ಮಾತನ್ನು ಮರದ ತುದಿಗೆ ಮುಟ್ಟಿಸಬೇಕಾದರೆ ಕೂಗಬೇಕು. ಕೂಗಿದ. ಹೆಣ್ಣಿನ ಕಡೆಯವರು ಬರುವುದು, ರುದ್ರಮ್ಮನ ತಟ್ಟೆ, ಎಲೆಅಡಿಕೆ, ಎಲ್ಲವೂ ಮದುವೆಮನೆಗೆ ಒಟ್ಟಿಗೆ ತಿಳಿಯಿತು. ಅಡಿಗೆಯವರು ಸೌಟು ಹಿಡಿದುಕೊಂಡೇ ಬಂದರು.

"ಆ ಗಾರ್ಡ್ ಸಾಹೇಬ್ರ ಮಿಷನ್ನು ತಾನೆ? ಅದಕ್ಕೆ ಹೊಂದೋವು ಎರಡು ಉಳಿದವೆ," ಎಂದರು ಮೇಲಿನಿಂದ ಹನುಮಯ್ಯ. "ಆ ಚೀಲದೊಳ್ಗೆ ಮಾತ್ರೆ ಡಬ್ಬೀಲಿ ನೋಡಿ. ಒಂದು ಗುಂಡಂದು, ಒಂದು ಉದ್ದಂದು. ಒಂದು ತಗೊಳ್ಳಿ. ಇನ್ನೊಂದು ಜಾವಗಲ್ ಡಾಕ್ಟ್ರಿಗೆ ಅಂತ ಮಾತು ಕೊಟ್ಟೀನಿ. ಅವ್ರಿಗೆ ಯಾವ್ದಾದ್ರೂ ನಡೀತದೆ."

ಡಬ್ಬಿಯಲ್ಲಿ ಹತ್ತಿಯ ಮೇಲೆ ಎರಡು ಮುಳ್ಳುಗಳು ಪಕ್ಕಪಕ್ಕದಲ್ಲಿ ಮಲಗಿದ್ದವು. ಧರ್ಮೇಶ್ ತಕ್ಷಣ ಗುಂಡು ಮುಳ್ಳಿಗೆ ಕೈ ಹಾಕಿದ. ಶಿವಕುಮಾರ ಅವನ ಕೈ ಹಿಡಿದುಕೊಂಡ.

"ಒಂದ್ನಿಮಿಷ."

"ಬೇಡ ಶಿವು," ಎಂದ ಧರ್ಮೇಶ್.

ಆದರೆ ಸುತ್ತ ಮೂವತ್ತು ಜನ ನಿಂತು ಬಾಯಿ ನೋಡುತ್ತಿದ್ದರು. ಜೀವನದಲ್ಲಿ ಅಷ್ಟು ವಿದ್ಯಾರ್ಥಿಗಳು ತಾವಾಗಿ ಬಂದು ಕೇಳಿದ್ದು ಶಿವಕುಮಾರನಿಗೆ ನೆನಪಿರಲಿಲ್ಲ. ಅವನು ಒಂದು ತೆಂಗಿನಕಡ್ಡಿ ತೆಗೆದುಕೊಂಡು ನೆಲದಲ್ಲಿ ಕುಕ್ಕರಗಾಲಲ್ಲಿ ಕುಳಿತು ಗೆರೆ ಎಳೆದೇಬಿಟ್ಟ.

"ನೋಡಿ, ತಟ್ಟೆ ಮೇಲಿನ ಗೆರೆ ಅಂದ್ರೆ ಒಂದು ಓಣಿ. ಎರಡೂ ಕಡೆ ಗೋಡೆ, ಗೋಡೆ ತುಂಬ ಅಂಕುಡೊಂಕು. ಆ ಅಂಕುಡೊಂಕೇ ಹಾಡು. ಗುಂಡು ಮುಳ್ಳು ದಪ್ಪ. ಸಣ್ಣ ತಿರುವುಗಳೊಳಗೆ ಇಳಿಯಲ್ಲ, ಮೇಲೆ ಮೇಲೆ ಹೋಗುತ್ತೆ. ಅವರೆಕಾಳಿಂದು ಒಂದು ಕಡೆಗೆ ತೆಳು. ಸಂದಿಗೊಂದಿಗೂ ನುಗ್ಗುತ್ತೆ."

"ಗುಂಡಂದೇ ತಗೊಳಪ್ಪ," ಎಂದರು ಮದುಮಗಳ ತಾತ ದ್ಯಾವಯ್ಯ. "ಎತ್ತಿನ ಲಾಳದ ಮೊಳೇನೂ ಗುಂಡು ತಲೇದೇ ಬಾಳೋದು. ನಲವತ್ತು ವರ್ಷ ಲಾಳ ಕಟ್ಟೀನಿ, ನಂಗೊತ್ತಿಲ್ವಾ?"

"ಎತ್ತಿಗೆ ಸರಿ ತಾತ. ಆದ್ರೆ ಇದು ಹನ್ನೆರಡು ಜನರ ಹಾಡು."

ಹನುಮಯ್ಯ ಮರದ ಮೇಲಿನಿಂದ ಕೂಗಿದರು. "ಮೇಷ್ಟ್ರೇ, ನಾನು ಮೂವತ್ತು ವರ್ಷ ಮದುವೆ ಮನೇಲಿ ಪ್ಲೇಟು ಹಾಕ್ದೋನು, ಕೇಳಿ. ಗುಂಡಂದು ಹಾಕಿದ್ರೆ ಹಾಡು ಬತ್ತದೆ. ಇನ್ನೊಂದು ಹಾಕಿದ್ರೆ ಹಾಡೋವಾಗ ಅಲ್ಲಿ ಏನೇನಾಯ್ತೋ ಅಷ್ಟೂ ಬತ್ತದೆ. ಕೆಮ್ಮಿದ್ದು, ಬಳೆ ಅಲ್ಲಾಡಿದ್ದು, ಕುರ್ಚಿ ಎಳೆದಿದ್ದು. ಮನೆ ನೋಡೋ ಶಾಸ್ತ್ರಕ್ಕೆ ಗುಂಡಂದೇ ಒಳ್ಳೇದು."

ಮೂವತ್ತು ತಲೆಗಳೂ ಹೌದೆಂದು ಅಲ್ಲಾಡಿದವು. ಕೊಟ್ಟಿಗೆಯ ಪಕ್ಕದಲ್ಲಿ ಮುಖ ತೊಳೆಯುತ್ತಿದ್ದ ಮದುಮಗ ಕೂಡ ಗುಂಡಿಗೇ ಕೈ ಎತ್ತಿದ.

ಇಷ್ಟು ಜನ ಒಂದು ಮಾತು ಹೇಳಿದಾಗ ಅದು ಸರಿಯಿರಬಹುದು ಎಂದು ಯಾರಿಗಾದರೂ ಅನ್ನಿಸುತ್ತದೆ. ಪುಸ್ತಕ ಓದಿದವರಿಗೆ ಅನ್ನಿಸುವುದಿಲ್ಲ. ಶಿವಕುಮಾರನ ಲೆಕ್ಕಾಚಾರ ಬೇರೆಯಿತ್ತು. ಗುಂಡು ಮುಳ್ಳು ಹಾಕಿದರೆ ಹನ್ನೆರಡು ದನಿ ಕಲೆಸಿ ಒಂದು ಮುದ್ದೆಯಾಗಿ ಬರುತ್ತದೆ. ಅದರಲ್ಲಿ ರುದ್ರಮ್ಮನ ದನಿ ಯಾವುದೆಂದು ರುದ್ರಮ್ಮನಿಗೇ ಗೊತ್ತಾಗುವುದಿಲ್ಲ. ಅವರೆಕಾಳು ಹಾಕಿದರೆ ಒಂದೊಂದು ದನಿಯೂ ಬೇರೆ ಬೇರೆ. "ನನ್ನ ದನಿ ನಂಗೆ ಕೇಳಿಸಿಬಿಡಿ" ಎಂದು ಅವರೇ ಬಾಯಿಬಿಟ್ಟು ಹೇಳಿಲ್ಲವೆ? ಅತ್ತೆಯಾಗುವವರಿಗೆ ಅವರ ಸ್ವಂತ ದನಿಯನ್ನು ಇಪ್ಪತ್ತೈದು ವರ್ಷದ ಮೇಲೆ ಎತ್ತಿ ಕೈಗಿಡುವ ಅಳಿಯ ಇನ್ನೆಲ್ಲಿ ಸಿಗುತ್ತಾನೆ?

ಅವನು ಅವರೆಕಾಳು ಮುಳ್ಳನ್ನು ಹತ್ತಿಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ.

ಹೊರಡೋಣವೆಂದರೆ ದ್ಯಾವಯ್ಯ ಬಾಗಿಲಿಗೆ ಅಡ್ಡ ನಿಂತರು. "ಮದ್ವೆ ಮನೆಗೆ ಬಂದೋರು ಉಣ್ಣದೆ ಹೋಗೋದುಂಟಾ? ಧಾರೆ ಆಗ್ಲಿ, ಮೊದಲ್ನೇ ಪಂಕ್ತೀಲೇ ಕೂರಿಸ್ತೀನಿ." ಸಲಹೆಯನ್ನಂತೂ ಕೇಳಲಿಲ್ಲ, ಊಟವನ್ನೂ ಬೇಡವೆಂದರೆ ಜಗಳವಾಗುವ ಹಾಗಿತ್ತು. ಧಾರೆಯಾಯಿತು. ಎಲೆ ಹಾಕಿದರು. ಶಿವಕುಮಾರ ಒಂದು ಕೈಯಲ್ಲಿ ಜೇಬನ್ನು ಹಿಡಿದುಕೊಂಡೇ ಉಂಡ. ಪಾಯಸದ ಸೌಟು ಹತ್ತಿರ ಬಂದಾಗಲೆಲ್ಲ ಪಕ್ಕಕ್ಕೆ ವಾಲುತ್ತಿದ್ದ. ಧರ್ಮೇಶ್ ನೆಮ್ಮದಿಯಿಂದ ಎರಡನೇ ಸಲ ಹೋಳಿಗೆ ಹಾಕಿಸಿಕೊಂಡ. ಎದ್ದಾಗ ಹನ್ನೆರಡೂಕಾಲು.

ಹೋಳಿಗೆ ತಿಂದ ಇಬ್ಬರನ್ನು ಮೊಪೆಡ್ಡು ಇನ್ನೂ ಕಷ್ಟಪಟ್ಟು ಹೊತ್ತಿತು. ಮನೆ ಮುಟ್ಟಿದಾಗ ಒಂದೂ ಇಪ್ಪತ್ತು. ಬಾಗಿಲಲ್ಲಿ ಮೂರು ಜೊತೆ ಹೊಸ ಚಪ್ಪಲಿಗಳಿದ್ದವು. ಶಿವಕುಮಾರ ಹಿತ್ತಲಿನಿಂದ ನುಗ್ಗಿ, ಮುಖಕ್ಕೆ ನೀರು ಹಾಕಿಕೊಂಡು, ಷರಟು ಬದಲಾಯಿಸಿ, ಮುಳ್ಳನ್ನು ಅದರ ಜಾಗಕ್ಕೆ ಸಿಕ್ಕಿಸಿ, ಏನೂ ಆಗದವನ ಹಾಗೆ ನಡುಮನೆಗೆ ಬಂದು ಕೈಮುಗಿದ.

ಸಿದ್ದಬಸಪ್ಪ ಬಾಗಿಲ ಪಕ್ಕದ ಕುರ್ಚಿಯಲ್ಲಿ ಮಡಿಲ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. ಕೊಬ್ಬರಿ ಹರಾಜಿನಲ್ಲಿ ಅವರು ಗಟ್ಟಿಯಾಗಿ ಕೂಗುತ್ತಾರೆಂದು ಪ್ರತೀತಿ. ಹೆಂಡತಿಯ ಎದುರಿಗೆ ಅವರ ದನಿ ಕೇಳಿದವರಿರಲಿಲ್ಲ. ಹೇಮಲತಾ ಶಿವಕುಮಾರನನ್ನು ನೋಡಿ ಕಣ್ಣಲ್ಲೇ ನಕ್ಕಳು. ಅವನಿಗೆ ಗಂಡಸಿಯ ಏರುಗಳೆಲ್ಲ ಮರೆತುಹೋದವು. ಮಂಚದ ಮಧ್ಯದಲ್ಲಿ ರುದ್ರಮ್ಮ, ತೊಡೆಯ ಮೇಲೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ತಟ್ಟೆ.

"ಮನೆ ನೋಡಿದ್ವಿ. ಚೆನ್ನಾಗೈತೆ, ಒಂದು ಕಸ ಇಲ್ಲ," ಎಂದರು ರುದ್ರಮ್ಮ. ಮುದ್ದಮ್ಮ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡರು. "ಊಟ ಆಮೇಲಾಗ್ಲಿ. ಮೊದ್ಲು ಇದು."

ಮತ್ತೆ ಉಣ್ಣಬೇಕಾದ ಸಂಕಟ ಮುಂದಕ್ಕೆ ಹೋದದ್ದಕ್ಕೆ ಶಿವಕುಮಾರ ಅವರನ್ನು ಮನಸ್ಸಿನಲ್ಲೇ ಹರಸಿದ. ತಟ್ಟೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಪ್ಲೇಯರಿನ ಮೇಲಿಟ್ಟ. ಹೇಮಲತಾ ಹತ್ತಿರ ಬಂದು ಬಗ್ಗಿ ನೋಡಿದಳು.

"ಯಾವ ಮುಳ್ಳು ಸಾರ್ ಹಾಕಿರೋದು?"

"ಅವರೆಕಾಳು... ಉದ್ದಂದು. ಒಬ್ಬೊಬ್ಬರ ದನಿಯೂ ಬೇರೆ ಬೇರೆ ಕೇಳುತ್ತೆ ನೋಡಿ."

ಮುಳ್ಳು ಇಳಿಯಿತು. ಚರಚರ ಎಂದಿತು. ಆಮೇಲೆ ಹಾರ್ಮೋನಿಯಂ. ಆಮೇಲೆ ಹಾಡು.

ಸುಳ್ಳೇಕೆ ಹೇಳಬೇಕು, ಅದ್ಭುತವಾಗಿ ಕೇಳಿಸಿತು. ಹಳೇ ಮುಳ್ಳುಗಳು ಸವೆಸಿದ್ದ ಜಾಗವನ್ನು ಬಿಟ್ಟು ಇದು ಇನ್ನೂ ಆಳಕ್ಕಿಳಿದು ಓಡುತ್ತಿತ್ತು. ಬಳೆಯ ಸದ್ದು ಬಂತು. ಯಾರೋ ಉಸಿರೆಳೆದುಕೊಂಡದ್ದು ಬಂತು. ಬೀದಿಯಲ್ಲಿ ಹೋಗುತ್ತಿದ್ದವರು ಕಿಟಕಿಯ ಹತ್ತಿರ ನಿಂತರು. ಶಿವಕುಮಾರನಿಗೆ ತನ್ನ ಜೀವನದಲ್ಲಿ ಮೊದಲ ಸಲ ತಾನು ಸರಿ, ಮಿಕ್ಕವರೆಲ್ಲ ತಪ್ಪು ಎನ್ನುವುದು ಸಾಬೀತಾದ ಸುಖವಾಯಿತು. ಅವನು ಧರ್ಮೇಶನ ಕಡೆ ನೋಡಿ ಹುಬ್ಬು ಹಾರಿಸಿದ.

ರುದ್ರಮ್ಮ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಕಣ್ಣಂಚಿನಲ್ಲಿ ನೀರಿತ್ತು. "ಅದೇ, ಅದೇ ನನ್ನ ದನಿ. ಎಲ್ಲಾರ್ಗಿಂತ ಮ್ಯಾಲೆ ಹೋಗ್ತೈತಲ್ಲ, ಅದು."

ನಿಜ, ಒಂದು ದನಿ ಎಲ್ಲರಿಗಿಂತ ಮೇಲೆ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತಿದೆ ಎನ್ನುವುದು ಮಾತ್ರ ಅದಕ್ಕೆ ಗೊತ್ತಿದ್ದಂತಿರಲಿಲ್ಲ.

"ಎಲೆಅಡಿಕೆ ರೆಡಿ ಮಾಡು," ಎಂದು ಚಲುವಮ್ಮ ಮುದ್ದಮ್ಮನಿಗೆ ಪಿಸುಗುಟ್ಟಿದರು. ಮುದ್ದಮ್ಮ ಎಲೆಅಡಿಕೆ ತಟ್ಟೆಯನ್ನು ತಂದು ನಡುವೆ ಇಟ್ಟರು.

ಮೊದಲ ಚರಣ ಮುಗಿಯಿತು. ಎರಡನೆಯದಕ್ಕೆ ಮುಂಚೆ ಹಾರ್ಮೋನಿಯಂ ಒಂದೇ ನುಡಿಯಿತು. ಆ ಹಾರ್ಮೋನಿಯಮ್ಮಿನ ಹಿಂದಿನಿಂದ ಒಬ್ಬ ಗಂಡಸಿನ ದನಿ, ಮೆಲ್ಲಗೆ, ಆದರೆ ಪಕ್ಕದಲ್ಲೇ ಕುಳಿತು ಹೇಳಿದಷ್ಟು ಸ್ಪಷ್ಟವಾಗಿ ಬಂತು. ಹಾಡು ಹೇಳಿಕೊಟ್ಟ ಸಂಗೀತದ ಮೇಷ್ಟ್ರ ದನಿಯೇ ಇರಬೇಕು.

"ರುದ್ರಮ್ಮಾ, ಇನ್ ಮ್ಯಾಲೆ ನೀನು ದನಿ ತೆಗೀಬ್ಯಾಡ ತಾಯಿ. ಸುಮ್ನೆ ಬಾಯಿ ಆಡ್ಸು."

ಎರಡನೆಯ ಚರಣ ಶುರುವಾಯಿತು. ಹನ್ನೊಂದು ದನಿಗಳು. ಹಾಡು ತುಂಬ ಚೆನ್ನಾಗಿತ್ತು.

ಚಲುವಮ್ಮ, "ಏನಂದ್ರು? ಯಾರು ಮಾತಾಡಿದ್ದು?" ಎಂದು ಎಲ್ಲರ ಮುಖ ನೋಡಿದರು.

ಶಿವಕುಮಾರ ಗಾಬರಿಯಲ್ಲಿ ಎದ್ದು ಪ್ಲೇಯರಿನ ಕೈಯನ್ನು ಹಿಡಿದೆತ್ತಿದ. ಎತ್ತಿದ್ದು ಜಾರಿತು, ಕರ್ರೆಂದು ತಟ್ಟೆಯ ಮೇಲೆ ಹಿಂದಕ್ಕೆ ಎಳೆದುಕೊಂಡು ಹೋಗಿ ಒಂದು ಗೆರೆಯಲ್ಲಿ ಕೂತಿತು. ಕೂತದ್ದು ಅಲ್ಲಿಂದ ಮುಂದೆ ಹೋಗಲಿಲ್ಲ.

"ಸುಮ್ನೆ ಬಾಯಿ ಆಡ್ಸು," ಎಂದಿತು. "ಸುಮ್ನೆ ಬಾಯಿ ಆಡ್ಸು. ಸುಮ್ನೆ ಬಾಯಿ ಆಡ್ಸು. ಸುಮ್ನೆ ಬಾಯಿ ಆಡ್ಸು."

ಕಿಟಕಿಯ ಹೊರಗೆ ಯಾರೋ ಕಿಸಕ್ಕೆಂದರು. ವಿಜ್ಞಾನದ ಮೇಷ್ಟ್ರಿಗೆ ಸ್ವಿಚ್ ಎಲ್ಲಿದೆಯೆಂಬುದು ಮರೆತುಹೋಗಿತ್ತು. ಅವನು ಒಮ್ಮೆ ಸದ್ದಿನ ಗುಂಡಿಯನ್ನು ತಪ್ಪು ದಿಕ್ಕಿಗೆ ತಿರುಗಿಸಿ ಇನ್ನೂ ಜೋರು ಮಾಡಿದ. ಕೊನೆಗೆ ಮುದ್ದಮ್ಮ ಹೋಗಿ ವೈರನ್ನೇ ಕಿತ್ತರು. ಆ ದನಿ ನಿಧಾನವಾಗಿ, ದಪ್ಪವಾಗಿ, "ಬಾ... ಯಿ..." ಎನ್ನುತ್ತಾ ಸತ್ತಿತು.

ಸಿದ್ದಬಸಪ್ಪ ಟವಲಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದರು. ಅವರ ಹೆಗಲು ಕುಣಿಯುತ್ತಿತ್ತು.

ರುದ್ರಮ್ಮ ಎದ್ದರು. ಮುಖದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. "ಬಸ್ಸಿಗೆ ಹೊತ್ತಾಯ್ತು."

"ಅಯ್ಯೋ, ಊಟ!" ಎಂದರು ಮುದ್ದಮ್ಮ.

"ಇನ್ನೊಂದಿನ ಮಾಡೋಣ. ಹುಡುಗ ಒಳ್ಳೇವ್ನು, ಮನೆ ಚೆನ್ನಾಗೈತೆ. ಮಿಷನ್ ಮಾತ್ರ ಸರಿಗಿಲ್ಲ, ಇಲ್ದಿರೋದ್ನೆಲ್ಲಾ ಹೇಳ್ತೈತೆ." ಹೆಸರು ಅಚ್ಚಾಗಿದ್ದ ಕವರನ್ನು ಮಾತ್ರ ರೇಷ್ಮೆ ಬಟ್ಟೆಯ ಮೇಲಿಟ್ಟು ಮೊದಲಿನ ಹಾಗೆಯೇ ಸುತ್ತಿಕೊಂಡರು. ತಟ್ಟೆಯ ಕಡೆ ನೋಡದೆ, "ಅದ್ನ ಒಡ್ದು ಹಾಕ್ಬಿಡಿ" ಎಂದರು.

ಎಲೆಅಡಿಕೆ ಇಟ್ಟಲ್ಲೇ ಇತ್ತು. ಚಲುವಮ್ಮ ಹಿಂದೆ ಹಿಂದೆ ಓಡಿದರು. ಹೇಮಲತಾ ಚಪ್ಪಲಿ ಮೆಟ್ಟುವ ನೆವದಲ್ಲಿ ಕೊನೆಗೆ ಉಳಿದಳು. ನಗು ತಡೆದು ತಡೆದು ಅವಳ ಮುಖ ಕೆಂಪಾಗಿತ್ತು. ಶಿವಕುಮಾರನನ್ನು ನೋಡಿದಾಗ ಆ ನಗು ಇಳಿದುಹೋಯಿತು.

"ಗುಂಡು ಮುಳ್ಳು ಹಾಕ್ಬಾರ್ದಿತ್ತಾ ಸಾರ್?" ಎಂದಳು ಮೆಲ್ಲಗೆ. ಅಷ್ಟು ಹೇಳಿ ಹೊರಟುಹೋದಳು.

ಶಿವಕುಮಾರ ಪ್ಲೇಯರಿನ ಮುಂದೆ ಕುಳಿತ. ಅವನಿಗೆ ನಿಜವಾಗಿಯೂ ದುಃಖವಾಯಿತು. ಎತ್ತಿನ ಲಾಳದ ಮೊಳೆಯಿಂದ ಹಿಡಿದು ಮದುಮಗನವರೆಗೆ ಮೂವತ್ತು ಜನ ಹೇಳಿದ್ದರು. ಗಂಡಸಿಯ ನೆಲದಲ್ಲಿ ಕೂತು ಗೆರೆ ಎಳೆದು ಪಾಠ ಹೇಳಿದ ತನ್ನ ಚಿತ್ರ ಕಣ್ಣಿಗೆ ಕಟ್ಟಿ, ಆ ದುಃಖದಲ್ಲೂ ಅವನಿಗೆ ನಗು ಬಂತು. "ಪಾಠ ಮಾಡೋದು ಬಿಟ್ರೆ ನಂಗೆ ಏನೂ ಬರಲ್ಲ. ಅದೂ ಬರಲ್ಲ ಅಂತ ಇವತ್ತು ಗೊತ್ತಾಯ್ತು" ಎಂದ. ಧರ್ಮೇಶ್ ಅವನ ಬೆನ್ನು ತಟ್ಟಿ, ಮುದ್ದಮ್ಮ ಬಡಿಸಿದ ಎರಡನೆಯ ಮದುವೆಯೂಟಕ್ಕೆ ಕುಳಿತ.

ಅರ್ಧ ಗಂಟೆಯಾಗಿರಬೇಕು. ಬಾಗಿಲಲ್ಲಿ ಯಾರೋ ಕೆಮ್ಮಿದರು. ಸಿದ್ದಬಸಪ್ಪ ಒಬ್ಬರೇ ನಿಂತಿದ್ದರು.

"ಬಸ್ಸು ತಡ ಅಂತೆ. ಕೊಡೆ ಬಿಟ್ಟು ಬಂದೆ ಅಂತ ಹೇಳ್ಬಂದೆ," ಎನ್ನುತ್ತಾ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಕೊಡೆ ಅವರ ಕಂಕುಳಲ್ಲೇ ಇತ್ತು. "ಪ್ಲೇಟು ಒಡ್ದಿಲ್ಲ ತಾನೆ?"

"ಇಲ್ಲ."

"ಇನ್ನೊಂದ್ ಸಲ ಹಾಕಿ."

ಶಿವಕುಮಾರ ವೈರು ಸಿಕ್ಕಿಸಿದ. ಮುಳ್ಳು ಅದೇ ಗೆರೆಯಲ್ಲಿ ಕೂತಿತು. "ಸುಮ್ನೆ ಬಾಯಿ ಆಡ್ಸು. ಸುಮ್ನೆ ಬಾಯಿ ಆಡ್ಸು." ಸಿದ್ದಬಸಪ್ಪ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡರು. ಐದು ನಿಮಿಷ ಕೇಳಿದರು. ಕೆನ್ನೆಯ ಮೇಲೆ ನೀರು ಇಳಿಯಿತು.

"ಇಪ್ಪತ್ನಾಲ್ಕು ವರ್ಷ ಕಣ್ರೀ ಮೇಷ್ಟ್ರೇ," ಎಂದರು. "ಬಚ್ಚಲಲ್ಲಿ ಒಂದು ಸಾಲು ಗುನುಗಿದ್ರೂ ಶ್ರುತಿ ಇಲ್ಲ ಅಂತ ಬಾಗಿಲು ಬಡೀತಿದ್ಲು. ಅಂಗಡೀಲಿ ಕಾಯಿ ಎಣಿಸೋವಾಗ ತಾಳ ತಪ್ತು ಅಂತಿದ್ಲು. ನಂಗೆ ಇವತ್ತು ಎಷ್ಟು ಹಗುರಾಗೈತೆ ಅಂದ್ರೆ, ಹೇಳೋಕಾಗಲ್ಲ. ಎಂಥಾ ಮುಳ್ಳು ಹಾಕಿದ್ರಿ! ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಶಿವಕುಮಾರನ ಎದೆಯಲ್ಲಿ ಏನೋ ಚಿಗುರಿತು. ಧರ್ಮೇಶ್ ತುತ್ತನ್ನು ಕೈಯಲ್ಲೇ ಹಿಡಿದುಕೊಂಡ. ಮುದ್ದಮ್ಮ ಎಲೆಅಡಿಕೆ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು.

"ಹಾಗಾದ್ರೆ ಹೇಮಲತಾ ವಿಷಯ..." ಎಂದ ಶಿವಕುಮಾರ. "ನೀವು ಒಂದು ಮಾತು ಹೇಳಿದ್ರೆ... ಅವರಿಗೂ ಮನಸ್ಸಿದೆ ಅಂತ ಕಾಣುತ್ತೆ."

"ಐತೆ, ಐತೆ. ಬಸ್‌ಸ್ಟ್ಯಾಂಡಲ್ಲಿ ಕುಂತು ಮುಖ ಬಾಡಿಸ್ಕೊಂಡವ್ಳೆ. ರುದ್ರೀನೂ ನಾಲ್ಕು ದಿನ ಬಿಟ್ರೆ ಮಿಷನ್ನಿಂದೇ ತಪ್ಪು ಅಂದ್ಕೊಂಡು ಒಪ್ತಾಳೆ. ನಾನ್ ಹೇಳಿದ್ರೆ ಆಗೋಗ್ತದೆ."

"ಹಾಗಾದ್ರೆ ಹೇಳ್ತೀರಾ?"

"ಅದೆಂಗಾಗ್ತದೆ?" ಸಿದ್ದಬಸಪ್ಪ ಆಶ್ಚರ್ಯದಿಂದ ಕಣ್ಣು ಬಿಟ್ಟರು. "ನೀವು ಅಳಿಯ ಆದ್ರೆ ಅವ್ಳು ತಿಂಗಳಿಗೆರಡು ಸಲ ಈ ಮನೆಗೆ ಬತ್ತಾಳೆ. ಬಂದ ಮೊದಲ್ನೇ ದಿನಾನೇ ಈ ಪ್ಲೇಟು ಬಚ್ಚಲೊಲೆಗೆ. ಇಂಥಾದ್ದು ಇಪ್ಪತ್ತೈದು ವರ್ಷಕ್ಕೊಂದ್ಸಲ ಸಿಕ್ಕೈತೆ, ಕಳ್ಕೊಳೋಕಾಗ್ತದಾ? ನೀವು ಹೊರಗಿನೋರಾಗೇ ಇರ್ಬೇಕು ಮೇಷ್ಟ್ರೇ. ಜಾತಕ ಕೂಡ್ಲಿಲ್ಲ ಅಂತ ನಾನೇ ಹೇಳ್ಬಿಡ್ತೀನಿ, ನೀವೇನೂ ಚಿಂತೆ ಮಾಡ್ಬ್ಯಾಡಿ."

ಎದ್ದು, ಶಿವಕುಮಾರನ ಎರಡೂ ಕೈಗಳನ್ನು ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು. ತಟ್ಟೆಯಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡರು. ಬಾಗಿಲ ಹತ್ತಿರ ಹೋಗಿ ತಿರುಗಿದರು.

"ಭಾನುವಾರ ಭಾನುವಾರ ಬತ್ತೀನಿ. ಕೊಬ್ಬರಿ ರೇಟು ಕೇಳೋಕೆ ಅರಸೀಕೆರೆಗೆ ಹೋಗ್ತೀನಿ ಅಂದ್ರೆ ಯಾರೂ ಕೇಳಲ್ಲ."

ಮಾತಿಗೆ ತಪ್ಪಲಿಲ್ಲ. ಮುಂದಿನ ಭಾನುವಾರ ಒಂದು ಗಂಟೆಯ ಬಸ್ಸಿಗೆ ಎರಡು ತೆಂಗಿನಕಾಯಿ ಹಿಡಿದು ಬಂದರು. ಅದರ ಮುಂದಿನ ಭಾನುವಾರವೂ ಬಂದರು. ಮುದ್ದಮ್ಮ ಮಾಡಿದ ಉಪ್ಪಿಟ್ಟು ತಿಂದು, ಅರ್ಧ ಗಂಟೆ ಆ ಗೆರೆಯನ್ನು ಕೇಳಿ, ಆಮೇಲೆ ಎದೆತುಂಬ ತಾವೇ ಒಂದು ಹಾಡು ಹೇಳಿ, ಮೂರು ಗಂಟೆಯ ಬಸ್ಸಿಗೆ ಹೊರಡುತ್ತಿದ್ದರು. ಅವರಿಗೆ ನಿಜವಾಗಿಯೂ ಶ್ರುತಿ ಇರಲಿಲ್ಲ.

ಬೀದಿಯವರು ಶಿವಕುಮಾರನನ್ನು ತಡೆದು, "ವಾರವಾರಕ್ಕೂ ಬರ್ತಾರಲ್ಲ, ಯಾರು ಸಾರ್ ಅವರು?" ಎಂದು ಕೇಳಲು ಶುರು ಮಾಡಿದರು.

"ನಮ್ಮ ಮಾವ," ಎನ್ನುತ್ತಾನೆ ಶಿವಕುಮಾರ. "ಮಾವ ನಿಶ್ಚಯ ಆಗಿದ್ದಾರೆ. ಹುಡುಗಿ ನೋಡ್ತಾ ಇದೀವಿ."